ರೀಫ್ ಟ್ಯಾಂಕಿಗೆ ಮನೆ ಸಾಮಾನು: ಯಾವುದು ಹಾಕಬಹುದು, ಯಾವುದು ಹಾಕಲೇಬಾರದು?

ನ್ಯಾನೋ100:
ಎಲ್ಲರಿಗೂ ನಮಸ್ಕಾರ. ಬೆಂಗಳೂರು, 100 ಲೀಟರ್ ರೀಫ್ ಟ್ಯಾಂಕ್, ಅಂದ್ರೆ ಉಪ್ಪುನೀರಲ್ಲಿ ಹವಳ ಸಾಕೋ ಅಕ್ವೇರಿಯಂ. ಝೋವಾ, ಮಶ್ರೂಮ್, ಒಂದು ಲೆದರ್ ಕೋರಲ್ (ಮೂರೂ ಮೆತ್ತನೆ ಹವಳಗಳು), ಎರಡು ಕ್ಲೌನ್ ಮೀನು, ಒಂದು ಕ್ಲೀನರ್ ಶ್ರಿಂಪ್ (ಸಿಗಡಿ) ಇವೆ. ಮುಂದೆ ಎಲ್‌ಪಿಎಸ್ (ಕಲ್ಲಿನಂಥ ಗೂಡು ಕಟ್ಟೋ ಹವಳ) ಇಡೋ ಯೋಚನೆ. ಡಬ್ಬಿ ಮೇಲೆ "ರೀಫ್" ಅಂತ ಅಚ್ಚಾಗಿದ್ರೆ ಸಾಕು, ಒಳಗಿರೋದು ಅಡುಗೆಮನೆಯದ್ದೇ ಆದ್ರೂ ರೇಟೇ ಬೇರೆ. ಅದಕ್ಕೇ ಕೇಳ್ತಿದ್ದೀನಿ. ಕುಡಿಯೋ ನೀರಿನ ಆರ್‌ಒ, ಎಲೆಅಡಿಕೆ ಸುಣ್ಣ, ಅಡುಗೆ ಸೋಡಾ, ಕಲ್ಲುಪ್ಪು, ದಿಂಬಿನ ಫೈಬರ್, ಮುಚ್ಚಳಕ್ಕೆ ಸೊಳ್ಳೆ ಪರದೆ, ಮೆಡಿಕಲ್ ಶಾಪಿನ ಡ್ರಿಪ್ ಸೆಟ್. ಇವುಗಳಲ್ಲಿ ಯಾವುದು ನಡೆಯುತ್ತೆ, ಯಾವುದು ನಡೆಯಲ್ಲ, ಯಾಕೆ? ಬರೀ "ಹಾಕಬೇಡಿ" ಅನ್ನೋ ಉತ್ತರ ಬೇಡ, ಕಾರಣ ಬೇಕು.

ಹವಳದಿಬ್ಬ:
ಆರ್‌ಒದಿಂದ ಶುರು ಮಾಡೋಣ, ಯಾಕಂದ್ರೆ ಉಳಿದಿದ್ದೆಲ್ಲ ಅದರ ಮೇಲೆ ನಿಂತಿದೆ. ಮಷೀನಿನ ಮೇಲೆ "ಕಾಪರ್" ಅಂತ ಬರೆದಿದೆಯಾ ನೋಡಿ. ಬರೆದಿದ್ರೆ ಆ ನಲ್ಲಿಯ ನೀರು ಟ್ಯಾಂಕಿಗೆ ಮುಟ್ಟಿಸಬೇಡಿ. ಮನುಷ್ಯರಿಗೆ ಒಳ್ಳೇದು ಅಂತ ಬೇಕಂತಲೇ ತಾಮ್ರ ಬೆರೆಸೋ ಕಾರ್ಟ್ರಿಡ್ಜ್ ಅದು. ಶ್ರಿಂಪ್, ಬಸವನಹುಳು, ಹವಳ ಮೂರಕ್ಕೂ ತಾಮ್ರ ವಿಷ, ಅದೂ ತೀರಾ ಸಣ್ಣ ಪ್ರಮಾಣದಲ್ಲೇ.

ಕಾಪರ್ ಇಲ್ಲದಿದ್ರೂ ಬಹುಪಾಲು ಮಷೀನಿನಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿರೋ ಲವಣದ ಅಳತೆ) ಕಂಟ್ರೋಲರ್ ಇರುತ್ತೆ. ಅದು ರುಚಿಗೋಸ್ಕರ ಒಂದಿಷ್ಟು ಹಸಿ ನೀರನ್ನ ಶುದ್ಧ ನೀರಿಗೆ ವಾಪಸ್ ಬೆರೆಸುತ್ತೆ. ಹಾಗಾಗಿ ನೀರು ಹಿಡಿಯಬೇಕಾದ ಜಾಗ ಮೆಂಬ್ರೇನ್ (ಲವಣ ಸೋಸೋ ಪೊರೆ) ಆದ ತಕ್ಷಣ, ಕಂಟ್ರೋಲರ್‌ಗೂ ಮಿನರಲ್ ಕಾರ್ಟ್ರಿಡ್ಜ್‌ಗೂ ಮುಂಚೆ. ಕಾಲಿಂಚಿನ ಪೈಪಿಗೆ ಒಂದು ಪ್ಲಾಸ್ಟಿಕ್ ಟೀ ಹಾಕಿ, ಒಂದು ಬಾಲ್ ವಾಲ್ವ್ ಕೊಟ್ಟರೆ ಮುಗೀತು. ಕುಡಿಯೋ ಲೈನ್ ಹಾಗೇ ಇರುತ್ತೆ.

ಅಲ್ಲಿಗೂ ಸಾಕಾಗಲ್ಲ. ಬೋರ್ ನೀರು 800 ಟಿಡಿಎಸ್ ಇದ್ದು ಮೆಂಬ್ರೇನ್ ನೂರಕ್ಕೆ 95 ತೆಗೆದ್ರೂ 40 ಉಳಿಯುತ್ತೆ. ಅದರಲ್ಲಿ ಸಿಲಿಕೇಟ್, ನೈಟ್ರೇಟ್ ಎಲ್ಲಾ ಇರುತ್ತೆ, ಕಂದು ಪಾಚಿಗೆ ಹಬ್ಬ. ಆಮೇಲೆ ಡಿಐ ರೆಸಿನ್ (ಉಳಿದ ಲವಣ ಹೀರೋ ಸಣ್ಣ ಮಣಿಗಳು) ಬೇಕೇ ಬೇಕು. ಆರ್‌ಒ ಸರ್ವಿಸ್ ಅಂಗಡಿಯಲ್ಲಿ ಸಿಗೋ ಖಾಲಿ 10 ಇಂಚಿನ ಹೌಸಿಂಗ್‌ಗೆ ಬಣ್ಣ ಬದಲಾಗೋ ಮಿಕ್ಸೆಡ್ ಬೆಡ್ ರೆಸಿನ್ ತುಂಬಿ, ನೀರು ಕೆಳಗಿಂದ ಮೇಲೆ ಹೋಗೋ ಹಾಗೆ ಜೋಡಿಸಿ. ಮೇಲಿಂದ ಬಿಟ್ಟರೆ ನೀರು ಒಂದೇ ದಾರಿ ಮಾಡ್ಕೊಂಡು ಇಳಿದುಬಿಡುತ್ತೆ, ಅರ್ಧ ರೆಸಿನ್ ಹಾಗೇ ಉಳಿಯುತ್ತೆ. ಟಿಡಿಎಸ್ ಮೀಟರ್ 0 ತೋರಿಸಬೇಕು. 1 ಅಥವಾ 2 ಬಂತು ಅಂದ್ರೆ ರೆಸಿನ್ ಬದಲಾಯಿಸೋ ಸಮಯ.

ಪೈಪ್‌ಲೈನ್_ಪಿಪಿ:
ಇನ್ನೊಂದು ಸೇರಿಸಿ. ಮಷೀನ್ ಶುರುವಾದ ಮೊದಲ 2–3 ನಿಮಿಷದ ನೀರು ಚೆಲ್ಲಿ, ಆಮೇಲೆ ಡಿಐಗೆ ಬಿಡಿ. ಮಷೀನ್ ನಿಂತಿದ್ದಾಗ ಮೆಂಬ್ರೇನಿನ ಎರಡೂ ಕಡೆಯ ಲವಣ ಸಮ ಆಗೋಕೆ ನೋಡುತ್ತೆ. ಮೊದಲ ನೀರಿನ ಟಿಡಿಎಸ್ ಅದಕ್ಕೇ ಜಾಸ್ತಿ. ಇದೊಂದು ಅಭ್ಯಾಸ ಮಾಡ್ಕೊಂಡ್ರೆ ರೆಸಿನ್ ಬಾಳಿಕೆ ಕಣ್ಣಿಗೆ ಕಾಣೋಷ್ಟು ಹೆಚ್ಚುತ್ತೆ.

ಸುಣ್ಣದಕಾಯಿ:
ಸುಣ್ಣ ನಡೆಯುತ್ತೆ, ಆದ್ರೆ ಬಿಳಿ, ಬಣ್ಣ ಇಲ್ಲದ, ಪರಿಮಳ ಇಲ್ಲದ್ದು ಮಾತ್ರ. ಹವಳಕ್ಕೆ ಕ್ಯಾಲ್ಸಿಯಂ ಕೊಡೋಕೆ ಹಾಕೋ ಕಾಲ್ಕ್‌ವಾಸರ್ ಅಂದ್ರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ತಿಳಿ, ಅಷ್ಟೇ. ಎಲೆಗೆ ಹಚ್ಚೋದೂ ಅದೇ.

ಮಾಡೋ ವಿಧಾನ: 1 ಲೀಟರ್ ಡಿಐ ನೀರಿಗೆ 2 ಗ್ರಾಂ ಒಣ ಪುಡಿ. ಪೇಸ್ಟ್ ಆದ್ರೆ ಒಂದು ಟೀ ಚಮಚ. ಬಾಟಲ್ ಕತ್ತಿನವರೆಗೂ ನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಚೆನ್ನಾಗಿ ಕುಲುಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆಗೆ ಮೂರು ಪದರ ಕಾಣುತ್ತೆ. ಮೇಲೆ ತೆಳು ಗಾಜಿನಂಥ ಕೆನೆ, ನಡುವೆ ನೀರಿನಷ್ಟೇ ತಿಳಿ, ತಳದಲ್ಲಿ ಬಿಳಿ ಗಸಿ. ಮೇಲಿನ ಕೆನೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಆದ ಕ್ಯಾಲ್ಸಿಯಂ ಕಾರ್ಬೊನೇಟ್, ಅದನ್ನ ಒಡೀಬೇಡಿ. ನಡುವಿನ ತಿಳಿ ಮಾತ್ರ ಟ್ಯಾಂಕಿಗೆ. ಅದರ ಪಿಎಚ್ 12ರ ಮೇಲೆ ಇರುತ್ತೆ, ಕಣ್ಣಿಗೆ ಹಾರಿದ್ರೆ ಅಪಾಯ, ಕನ್ನಡಕ ಹಾಕ್ಕೊಳ್ಳಿ.

1 ಲೀಟರ್ ತಿಳಿ 100 ಲೀಟರ್ ನೀರಿಗೆ ಸುಮಾರು 1.15 ಡಿಕೆಎಚ್ (ಕ್ಷಾರತೆಯ ಅಳತೆ), 8 ಪಿಪಿಎಂ (ಹತ್ತು ಲಕ್ಷಕ್ಕೆ 8 ಭಾಗ) ಕ್ಯಾಲ್ಸಿಯಂ ಕೊಡುತ್ತೆ. ಒಮ್ಮೆಲೇ ಸುರಿದ್ರೆ ಪಿಎಚ್ 0.5ಕ್ಕಿಂತ ಜಾಸ್ತಿ ಜಿಗಿಯುತ್ತೆ, ಹವಳ ಮುದುಡುತ್ತೆ. ರಾತ್ರಿ ಲೈಟ್ ಆರಿದ ಮೇಲೆ ಹನಿ ಹನಿಯಾಗಿ, ಆವಿಯಾದ ನೀರಿನ ಬದಲಿಗೆ ಕೊಡಿ.

ಹವಳದಿಬ್ಬ:
@ಸುಣ್ಣದಕಾಯಿ ಪೇಸ್ಟ್ ಬಗ್ಗೆ ನನಗೆ ಒಪ್ಪಿಗೆ ಇಲ್ಲ. ಅದರಲ್ಲಿ ನೀರೆಷ್ಟು, ಸುಣ್ಣ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. "ಒಂದು ಚಮಚ" ಅನ್ನೋದು ಅಳತೆಯೇ ಅಲ್ಲ.

ಸುಣ್ಣದಕಾಯಿ:
ಅಳತೆ ತಪ್ಪಿದ್ರೂ ತಿಳಿಯ ಸಾಂದ್ರತೆ ತಪ್ಪಲ್ಲ ಸರ್, ಅದೇ ಇದರ ಚೆಂದ. 25 ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 1.6 ಗ್ರಾಂ ಮಾತ್ರ ಕರಗಿಸ್ಕೊಳ್ಳುತ್ತೆ. ನೀವು 2 ಗ್ರಾಂ ಹಾಕಿ, 10 ಗ್ರಾಂ ಹಾಕಿ, ಉಳಿದದ್ದು ತಳಕ್ಕೆ. ಕಮ್ಮಿ ಹಾಕಿದ್ರೆ ಮಾತ್ರ ತೊಂದರೆ, ಅದಕ್ಕೇ ಚಮಚ ಧಾರಾಳವಾಗಿರಲಿ. ಇನ್ನೊಂದು ಲಾಭವೂ ಇದೆ. ಅಷ್ಟು ಎತ್ತರದ ಪಿಎಚ್‌ನಲ್ಲಿ ತಾಮ್ರದಂಥ ಲೋಹಗಳು ಕರಗಿ ಉಳಿಯದೆ ಗಸಿ ಜೊತೆ ತಳ ಸೇರುತ್ತವೆ. ಗಸಿ ಕಲಕಿ ಹಾಕೋರು ಆ ಲಾಭ ಕಳ್ಕೊತಾರೆ.

ಹವಳದಿಬ್ಬ:
ಸಾಂದ್ರತೆ ವಿಷಯ ಸರಿ, ಒಪ್ಪಿದೆ. ಆದ್ರೂ ಕೆಮಿಕಲ್ ಅಂಗಡಿಯಲ್ಲಿ ಫುಡ್ ಗ್ರೇಡ್ ಪುಡಿ ಅಷ್ಟು ಅಗ್ಗಕ್ಕೆ ಸಿಗುವಾಗ ಸುಣ್ಣದ ಟ್ಯೂಬ್ ಯಾಕೆ ಹಿಂಡಬೇಕು ಅನ್ನೋದು ನನ್ನ ಪ್ರಶ್ನೆ. ಗೋಡೆಗೆ ಬಳಿಯೋ ಸುಣ್ಣ ಅಂತೂ ಯಾರೂ ತರಬೇಡಿ. ನೀಲಿ, ಅಂಟು, ಏನೇನೋ ಸೇರಿಸಿರ್ತಾರೆ.

ಆಸ್ಟಿನ್_ಕನ್ನಡಿಗ:
ಅಮೆರಿಕದಲ್ಲಿ ಉಪ್ಪಿನಕಾಯಿಗೆ ಅಂತ ಮಾರೋ ಪಿಕ್ಲಿಂಗ್ ಲೈಮ್ ಬಹಳ ವರ್ಷಗಳಿಂದ ರೀಫ್ ಟ್ಯಾಂಕಿಗೆ ಹೋಗ್ತಿದೆ. ಅದೂ ಕ್ಯಾಲ್ಸಿಯಂ ಹೈಡ್ರಾಕ್ಸೈಡೇ. ಹಾಗಾಗಿ ಸುಣ್ಣದ ಐಡಿಯಾ ಹೊಸದೇನಲ್ಲ.

ಧಾರವಾಡ_ರೀಫ್:
ಡ್ರಿಪ್ ಸೆಟ್ ಬಗ್ಗೆ ನಾ ಹೇಳ್ತೀನ್ರಿ. ಸುಣ್ಣದ ನೀರಿಗೂ ಹೊಸ ಮೀನು ಟ್ಯಾಂಕಿನ ನೀರಿಗೆ ಹೊಂದಿಸಾಕೂ ಅದರಂಥಾ ಸಾಮಾನು ಇನ್ನೊಂದಿಲ್ಲ. ಸಾಮಾನ್ಯ ದೊಡ್ಡವರ ಸೆಟ್ ತಗೋರಿ, 20 ಹನಿಗೆ 1 ಎಂಎಲ್ ಅಂತ ಪಾಕೀಟಿನ ಮ್ಯಾಲೇ ಬರದಿರ್ತದ. ಮಕ್ಕಳ ಮೈಕ್ರೋ ಸೆಟ್ 60 ಹನಿದು, ಅದು ಬ್ಯಾಡ. ಸೆಕೆಂಡಿಗೆ 1 ಹನಿ ಇಟ್ರ ತಾಸಿಗೆ 180 ಎಂಎಲ್. ಅಂದ್ರ 1 ಲೀಟರ್ ಖಾಲಿ ಆಗಾಕ ಐದೂವರೆ ತಾಸು. ರಾತ್ರಿ 11ಕ್ಕ ಬಿಟ್ರ ನಸುಕಿಗೆ ಮುಗೀತದ.

ಎರಡು ಕಡೆ ಕೈ ಕೊಡ್ತದ ನೋಡ್ರಿ. ಒಂದು, ಹನಿ ಕೊಠಡಿ ತಳದಾಗ ಸಣ್ಣ ಜಾಳಗಿ ಇರ್ತದ, ಸುಣ್ಣ ಕಟ್ಟಿ ಅದು ಮುಚ್ಚಿಬಿಡ್ತದ. ಕೊಠಡಿ ಬಿಚ್ಚಿ ಜಾಳಗಿ ತಗದು ಹಾಕ್ರಿ. ಎರಡು, ಬಾಟಲಿಗೆ ಗಾಳಿ ಹೋಗಾಕ ದಾರಿ ಇರಲಿಲ್ಲಂದ್ರ ಹನಿ ಅರ್ಧಕ್ಕ ನಿಂತ್ಬಿಡ್ತದ. ಹಂಗಂತ ಬಾಯಿ ಅಗಲಕ್ಕ ತೆರದಿಟ್ರ ಗಾಳಿ ಸೇರಿ ಸುಣ್ಣ ಹಾಳು. ಸೂಜಿ ಗಾತ್ರದ ತೂತು ಸಾಕು. ವಾರಕ್ಕೊಮ್ಮೆ ಪೈಪಿನ ತುದಿ ವಿನೆಗರ್‌ನಾಗ ಅದ್ದಿಡ್ರಿ.

ಝೋವಾ_ಪ್ರಿಯೆ:
ಹೊಸ ಪ್ರಾಣಿ ಹೊಂದಿಸೋಕೆ ಸೆಕೆಂಡಿಗೆ 2–4 ಹನಿ. ಕವರಿನ ನೀರು ಎರಡು ಪಟ್ಟು ಆದ್ಮೇಲೆ ಅರ್ಧ ಚೆಲ್ಲಿ ಮತ್ತೆ ಅಷ್ಟೇ ಬಿಡಿ. ಆ ನೀರು ಟ್ಯಾಂಕಿಗೆ ಹಾಕಬೇಡಿ.

ನ್ಯಾನೋ100:
ಆರ್‌ಒ ಮೇಲೆ "ಕಾಪರ್" ಅಂತ ಇದೆ. ಟೀ ಹಾಕಿಸ್ತೀನಿ, ತುಂಬಾ ಥ್ಯಾಂಕ್ಸ್. ಸೋಡಾ, ಉಪ್ಪು?

ಲ್ಯಾಬ್‌ಕೋಟ್:
ಅಡುಗೆ ಸೋಡಾ ಧೈರ್ಯವಾಗಿ ಬಳಸಿ. ಬೇಕಿಂಗ್ ಪೌಡರ್ ಬೇಡ, ಅದರಲ್ಲಿ ಆಮ್ಲದ ಪಾಲಿಗೆ ಸಾಮಾನ್ಯವಾಗಿ ಫಾಸ್ಫೇಟ್ ಹಾಕಿರ್ತಾರೆ, ನೇರ ಪಾಚಿಗೆ ಗೊಬ್ಬರ. ಬಟ್ಟೆ ಸೋಡಾ ಪಾಕೆಟ್ಟೂ ಬೇಡ, ಸೆಂಟು ಡಿಟರ್ಜೆಂಟ್ ಬೆರೆತಿರುತ್ತೆ.

ಲೆಕ್ಕ ಸುಲಭ. 100 ಲೀಟರಿಗೆ 1 ಡಿಕೆಎಚ್ ಏರಿಸೋಕೆ 3 ಗ್ರಾಂ ಅಡುಗೆ ಸೋಡಾ. ಆದ್ರೆ ನಿಮ್ಮ "100 ಲೀಟರ್" ಟ್ಯಾಂಕಿನಲ್ಲಿ ಕಲ್ಲು, ಮರಳು ಕಳೆದ್ರೆ ನೀರು 80–85 ಲೀಟರ್ ಇರುತ್ತೆ, ಅದಕ್ಕೆ ತಕ್ಕಂತೆ ಎರಡೂವರೆ ಗ್ರಾಂ. ದಿನಕ್ಕೆ 1 ಡಿಕೆಎಚ್ ಮೀರಬೇಡಿ.

ಕ್ಯಾಲ್ಸಿಯಂ ಜೊತೆ ಜೋಡಿ ದ್ರಾವಣ ಬೇಕಿದ್ರೆ ಅಮೆರಿಕದ ರಸಾಯನಶಾಸ್ತ್ರಜ್ಞ ರ‍್ಯಾಂಡಿ ಹೋಮ್ಸ್-ಫಾರ್ಲಿ ಪ್ರಕಟಿಸಿದ ಪಾಕವೇ ಎಲ್ಲರೂ ಮಾಡೋದು. ಲೀಟರ್ ಲೆಕ್ಕಕ್ಕೆ ತಂದ್ರೆ ಹೀಗೆ: ಒಂದು ಬಾಟಲಿಗೆ 157 ಗ್ರಾಂ ಸೋಡಾ (ತೂಕ ಹುರಿಯೋಕೆ ಮುಂಚಿನದು, ಹುರಿದು ಹಾಕಬೇಕು), ಇನ್ನೊಂದಕ್ಕೆ 132 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್. ಎರಡನ್ನೂ ಸಮ ಪ್ರಮಾಣದಲ್ಲಿ, ಆದ್ರೆ ಟ್ಯಾಂಕಿನ ಬೇರೆ ಬೇರೆ ಮೂಲೆಗೆ, ನಡುವೆ ಸಮಯ ಬಿಟ್ಟು ಹಾಕಿ. ಒಂದೇ ಜಾಗಕ್ಕೆ ಹಾಕಿದ್ರೆ ಅಲ್ಲೇ ಹಾಲಿನ ಹಾಗೆ ಬೆಳ್ಳಗಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಇಳಿದುಬಿಡುತ್ತೆ. ಎರಡೂ ವ್ಯರ್ಥ.

ಕ್ಯಾಲ್ಸಿಯಂ ಕ್ಲೋರೈಡ್ ಕರಗುವಾಗ ನೀರು ಬಿಸಿಯಾಗುತ್ತೆ, ಸ್ವಲ್ಪ ಸ್ವಲ್ಪವೇ ಸುರೀರಿ. ಬೀರುವಿನಲ್ಲಿ ತೇವ ಹೀರೋಕೆ ನೇತುಹಾಕೋ ಚೀಲದಲ್ಲಿ ಇರೋದೂ ಇದೇ, ಆದ್ರೆ ಸುವಾಸನೆ ಬೆರೆಸಿರಬಹುದು. ಪನೀರ್ ಮಾಡೋರಿಗೆ ಮಾರೋ ಫುಡ್ ಗ್ರೇಡ್ ತಗೊಳ್ಳಿ.

ನ್ಯಾನೋ100:
ಓವನ್ ಇಲ್ಲ. ಹುರಿಯೋದು ಹೇಗೆ?

ಲ್ಯಾಬ್‌ಕೋಟ್:
ಒಲೆ ಸಾಕು. ಅಗಲವಾದ ಸ್ಟೀಲ್ ಬಾಣಲೆ, ಸಣ್ಣ ಉರಿ, ಕೈಯಾಡಿಸ್ತಾ ಇರಿ. ಅಲ್ಯೂಮಿನಿಯಂ ಬಾಣಲೆ ಬೇಡ, ಕ್ಷಾರ ಅದನ್ನ ತಿನ್ನುತ್ತೆ. ಮೊದಲು ಪುಡಿ ಕುದಿಯೋ ಹಾಗೆ ಅಲ್ಲಲ್ಲಿ ಗುಳ್ಳೆ ಏಳುತ್ತೆ, ಆವಿ ಮತ್ತು ಕಾರ್ಬನ್ ಡೈಆಕ್ಸೈಡ್ ಹೋಗ್ತಿರೋ ಗುರುತು ಅದು. ಗುಳ್ಳೆ ನಿಂತ ಮೇಲೆ ತೂಕ ನೋಡಿ. 100 ಗ್ರಾಂ ಹಾಕಿದ್ದು 63 ಗ್ರಾಂ ಆಗಿದ್ರೆ ಪೂರ್ತಿ ಸೋಡಿಯಂ ಕಾರ್ಬೊನೇಟ್ ಆಗಿದೆ. 75ರಲ್ಲಿ ನಿಂತಿದ್ರೆ ಇನ್ನೂ ಹುರೀರಿ. ಹುರಿದದ್ದು ಪಿಎಚ್ ಏರಿಸುತ್ತೆ, ಕಿಟಕಿ ಮುಚ್ಚಿ ಪಿಎಚ್ ಇಳಿದಿರೋ ಫ್ಲ್ಯಾಟಿನ ಟ್ಯಾಂಕಿಗೆ ಅದೇ ಬೇಕು. ಪಿಎಚ್ ಈಗಾಗಲೇ 8.4 ದಾಟಿದ್ರೆ ಹುರಿಯದೇ ಬಾಟಲಿಯ ಲೀಟರಿಗೆ 78 ಗ್ರಾಂ ಸೋಡಾ, 66 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ. ಅರ್ಧ ಸಾಂದ್ರತೆ, ಹಾಗಾಗಿ ಎರಡರಷ್ಟು ಹಾಕಬೇಕು.

ಮಲ್ಪೆ_ಗಾಳಿ:
ಕಲ್ಲುಪ್ಪು ಆಗುವುದಿಲ್ಲ ಮಾರಾಯ್ರೆ. ಸಾಣಿಕಟ್ಟೆಯ ಗದ್ದೆಯ ಉಪ್ಪೇ ಆದರೂ ಆಗುವುದಿಲ್ಲ. ಸಮುದ್ರದ ನೀರು ಇಂಗುವಾಗ ಮೊದಲು ಬೀಳುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಆಮೇಲೆ ಜಿಪ್ಸಂ. ಅದಾದ ಮೇಲೆ ನಾವು ತಿನ್ನುವ ಉಪ್ಪು. ಮೆಗ್ನೀಸಿಯಂ ಎಲ್ಲ ಕಡೆಗೆ ಉಳಿಯುವ ಕಹಿ ನೀರಿನಲ್ಲಿ ಹೋಗ್ತದೆ, ಅದನ್ನು ಹೊರಗೆ ಬಿಡ್ತಾರೆ. ಅಂದರೆ ಹವಳಕ್ಕೆ ಬೇಕಾದ್ದು ಎರಡೂ ಕಡೆಯಿಂದ ಕಳೆದುಹೋದ ಮೇಲೆ ಉಳಿದದ್ದು ಉಪ್ಪು. ಅದನ್ನು ಮತ್ತೆ ನೀರಿಗೆ ಹಾಕಿದರೆ ಸಮುದ್ರ ವಾಪಸ್ ಬರುವುದಿಲ್ಲ. ಟ್ಯಾಂಕಿಗೆ ಕ್ಯಾಲ್ಸಿಯಂ 400–450, ಮೆಗ್ನೀಸಿಯಂ 1250–1400 ಪಿಪಿಎಂ ಬೇಕು.

ಲ್ಯಾಬ್‌ಕೋಟ್:
ಟ್ಯಾಂಕಿಗೆ ಬೇಡ, ಆದ್ರೆ ಅಡುಗೆ ಉಪ್ಪಿಗೆ ಒಂದು ಒಳ್ಳೇ ಕೆಲಸ ಇದೆ. ರಿಫ್ರ್ಯಾಕ್ಟೋಮೀಟರ್ (ನೀರಿನ ಉಪ್ಪು ಅಳೆಯೋ ಸಾಧನ) ಸರಿಯಿದೆಯಾ ನೋಡೋಕೆ 36.5 ಗ್ರಾಂ ಒಣ ಪುಡಿ ಉಪ್ಪು, 963.5 ಗ್ರಾಂ ಡಿಐ ನೀರು. ಇದು ಸಮುದ್ರದ ನೀರಿನ 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ತೋರಿಸಬೇಕು, ಬೇರೆ ತೋರಿಸಿದ್ರೆ ಸ್ಕ್ರೂ ತಿರುಗಿಸಿ. ಕಮ್ಮಿ ಮಾಡೋಣ ಅಂತ 100 ಎಂಎಲ್‌ಗೆ ಮಾಡಬೇಡಿ. ಕಿಚನ್ ತಕ್ಕಡಿ ಒಂದು ಗ್ರಾಂ ತಪ್ಪು ತೋರಿಸಿದ್ರೆ ಲೀಟರಿನಲ್ಲಿ 1 ಪಿಪಿಟಿ ವ್ಯತ್ಯಾಸ, 100 ಎಂಎಲ್‌ನಲ್ಲಿ 10. ಬರೀ ಡಿಐ ನೀರಿನಲ್ಲಿ 0 ನೋಡಿದ್ರೆ ಸಾಲದು, 0 ಸರಿಯಿದ್ದೂ 35ರ ಹತ್ತಿರ ತಪ್ಪೋ ಮೀಟರ್‌ಗಳಿವೆ.

ಕಡಲಕಿನಾರೆ:
ಅಣ್ಣಾ, ಹಾಗಾದ್ರೆ ಸಮುದ್ರದ ನೀರೇ ಕ್ಯಾನಲ್ಲಿ ತಂದ್ರೆ? ಮಂಗಳೂರಿನವರಿಗೆ ಇದೇ ಸುಲಭ ಅಲ್ವಾ?

ಮಲ್ಪೆ_ಗಾಳಿ:
ತರಬಹುದು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ನದಿಗಳೆಲ್ಲ ತುಂಬಿ ಹರಿದು ದಡದ ನೀರಿನ ಉಪ್ಪು ಇಳಿದಿರ್ತದೆ, ಕೆಸರೂ ಉಂಟು. ಮಳೆ ಕಳೆದ ಮೇಲೂ ಅಳಿವೆಯ ಹತ್ತಿರ, ಬಂದರಿನ ಒಳಗೆ ಹಿಡಿಯಬೇಡಿ. ದೋಣಿಯ ಡೀಸೆಲ್ ಪಸೆ ಕಣ್ಣಿಗೇ ಕಾಣ್ತದೆ. ದಡದಿಂದ ದೂರ, ಭರತ ಏರುವಾಗ ಹಿಡಿದು, ಬಟ್ಟೆಯಲ್ಲಿ ಸೋಸಿ, ಕತ್ತಲಲ್ಲಿ ಎರಡು ವಾರ ಇಟ್ಟು, ಮೀಟರಿನಲ್ಲಿ 35 ಉಂಟಾ ನೋಡಿ ಹಾಕಿ.

ಇನ್ನೊಂದು ಮಾತು. ನೀರು ತರ್ಲಿಕ್ಕೆ ಹೋದವರು ದಡದಲ್ಲಿ ಬಿದ್ದ ಹವಳದ ತುಂಡು ತರಬೇಡಿ, ಸತ್ತದ್ದಾದರೂ ಸಹ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಷೆಡ್ಯೂಲಿನಲ್ಲಿ ಹವಳ ಉಂಟು. ನೇತ್ರಾಣಿ ದ್ವೀಪದ ಕಡೆ ಡೈವ್ ಮಾಡುವವರಿಗೂ ಇದೇ ಮಾತು. @ನ್ಯಾನೋ100 ನೀವು ಎಲ್‌ಪಿಎಸ್ ಕೊಳ್ಳುವಾಗಲೂ ಎಲ್ಲಿಂದ ಬಂತು, ಕಾಗದ ಉಂಟಾ ಅಂತ ಕೇಳಿಯೇ ಕೊಳ್ಳಿ. ಇಲ್ಲ ಅಂದರೆ ಬಿಟ್ಟುಬಿಡಿ.

ಝೋವಾ_ಪ್ರಿಯೆ:
ದಿಂಬಿನ ಫೈಬರ್ ಓಕೆ. 100% ಪಾಲಿಯೆಸ್ಟರ್ ಇರಬೇಕು, "ಆ್ಯಂಟಿ ಬ್ಯಾಕ್ಟೀರಿಯಲ್" "ಆ್ಯಂಟಿ ಮೈಟ್" ಅಂತೆಲ್ಲ ಬರೆದಿರಬಾರದು. ಹಳೇ ದಿಂಬು ಬಿಚ್ಚಿ ತೆಗೆದದ್ದು ಬೇಡ, ಎಣ್ಣೆ, ಸೋಪು ಎಲ್ಲಾ ಹೀರಿರುತ್ತೆ. 2–3 ದಿನಕ್ಕೆ ಎಸೆದು ಹೊಸದು ಹಾಕಿ. ವಾರ ಬಿಟ್ರೆ ಅದರಲ್ಲಿ ಸಿಕ್ಕಿದ ಕೊಳೆ ಅಲ್ಲೇ ಕೊಳೆತು ನೈಟ್ರೇಟ್ ಆಗಿ ವಾಪಸ್ ಬರುತ್ತೆ.

ಸೊಳ್ಳೆ ಪರದೆ ಬಗ್ಗೆ ಮಾತ್ರ ತುಂಬಾ ಎಚ್ಚರ. ಔಷಧಿ ಹಚ್ಚಿದ ಪರದೆಗಳಲ್ಲಿ ಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಇರುತ್ತೆ. ಸೊಳ್ಳೆ ಸಾಯಿಸೋ ಔಷಧಿ ಶ್ರಿಂಪನ್ನೂ ಸಾಯಿಸುತ್ತೆ. ಟ್ಯಾಂಕಿರೋ ರೂಮಿನಲ್ಲಿ ರಾತ್ರಿ ಲಿಕ್ವಿಡ್ ಮಷೀನ್, ಕಾಯಿಲ್ ಹಚ್ಚೋದೂ ಇದೇ ಕಥೆ. ಸ್ಕಿಮ್ಮರ್ (ಗುಳ್ಳೆ ಎಬ್ಬಿಸಿ ಕೊಳೆ ತೆಗೆಯೋ ಯಂತ್ರ), ಏರ್ ಪಂಪ್ ಎರಡೂ ಆ ಗಾಳಿಯನ್ನೇ ಎಳೆದು ನೀರಿಗೆ ಊದುತ್ತವೆ. ಮೀನು ಚೆನ್ನಾಗಿದ್ದು ಶ್ರಿಂಪ್ ಮಾತ್ರ ಬೆನ್ನ ಮೇಲೆ ಬಿದ್ದು ಕಾಲು ಆಡಿಸ್ತಿದ್ರೆ ಮೊದಲು ಇದನ್ನೇ ಅನುಮಾನಿಸಿ, ಆಮೇಲೆ ತಾಮ್ರ.

ಕಡಲಕಿನಾರೆ:
ಇದು ಗೊತ್ತೇ ಇರ್ಲಿಲ್ಲ!!

ಪೈಪ್‌ಲೈನ್_ಪಿಪಿ:
ಮುಚ್ಚಳಕ್ಕೆ ಸೊಳ್ಳೆ ಪರದೆ ಬದಲು ಪಾರದರ್ಶಕ ನೈಲಾನ್ ಮೀನಿನ ಬಲೆ ತಗೊಳ್ಳಿ, ಕಣ್ಣು 6 ಮಿಮೀ. ಬೆಳಕು ತಡೆಯಲ್ಲ, ಮೀನು ಹಾರಲ್ಲ. ಚೌಕಟ್ಟಿಗೆ ಎಲೆಕ್ಟ್ರಿಕಲ್ ಅಂಗಡಿಯ ಪಿವಿಸಿ ಕೇಸಿಂಗ್ ಪಟ್ಟಿ, ಗೋಡೆ ಮೇಲೆ ವೈರ್ ಎಳೆಯೋಕೆ ಬಳಸ್ತಾರಲ್ಲ, ಅದು. ಟ್ಯಾಂಕಿನ ಅಂಚಿನ ಅಳತೆಗೆ ನಾಲ್ಕು ತುಂಡು ಮಾಡಿ, ತುದಿಗಳನ್ನ 45 ಡಿಗ್ರಿಗೆ ಕೊಯ್ದು ಮೂಲೆಗೆ ಫೆವಿಕ್ವಿಕ್. ಬಲೆಯನ್ನ ಮೇಲೆ ಹಾಸಿ ಮೇಲ್ಪಟ್ಟಿಯನ್ನ ಒತ್ತಿದ್ರೆ ಟಕ್ ಅಂತ ಕೂತು ಬಲೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತೆ. ಮೊಳೆ ಬೇಡ, ಸ್ಕ್ರೂ ಬೇಡ, ತುಕ್ಕಿನ ಚಿಂತೆಯೂ ಇಲ್ಲ. ಹಿಂದಿನ ಪಟ್ಟಿಯಲ್ಲಿ ಪಂಪಿನ ವೈರಿಗೆ ಒಂದು ಕಚ್ಚು ಬಿಡಿ.

ಧಾರವಾಡ_ರೀಫ್:
ಸ್ಟೀಲ್ ಅಂದ್ರ ತುಕ್ಕು ಹಿಡಿಯಂಗಿಲ್ಲ ಅಂತ ಯಾರೂ ನಂಬಬ್ಯಾಡ್ರಿ. ಉಪ್ಪುನೀರಿನಾಗ ಪೈಪಿನ ಕ್ಲಿಪ್ಪು, ಬಟ್ಟಿ ಕ್ಲಿಪ್ಪಿನ ಸ್ಪ್ರಿಂಗು ಎಲ್ಲಾ ಹೋಗ್ತಾವ. ಹಿತ್ತಾಳಿ ನಲ್ಲಿ, ಹಿತ್ತಾಳಿ ಫ್ಲೋಟ್ ಅಂತೂ ತಾಮ್ರಾನ ಅದ. ನೈಲಾನ್ ಟ್ಯಾಗ್ ಹಾಕ್ರಿ.

ಆಸ್ಟಿನ್_ಕನ್ನಡಿಗ:
ಸಿಲಿಕೋನ್ ವಿಷಯ ಯಾರೂ ಹೇಳಿಲ್ಲ. ಬಾತ್‌ರೂಮಿಗೆ ಅಂತ ಮಾರೋದರಲ್ಲಿ ಬೂಸ್ಟು ಬರದಿರೋಕೆ ಔಷಧಿ ಇರುತ್ತೆ, ಅದು ಬೇಡ. ಹಚ್ಚಿದಾಗ ವಿನೆಗರ್ ವಾಸನೆ ಬರೋ, ಆ್ಯಂಟಿ ಫಂಗಲ್ ಅಂತ ಬರೆಯದ ಸಾದಾದ್ದು. ಹವಳದ ತುಂಡು ಅಂಟಿಸೋಕೆ ಸೂಪರ್ ಗ್ಲೂ ಜೆಲ್. ನೀರಿನಂಥದ್ದು ಕಲ್ಲಿನ ತೂತಿನಲ್ಲಿ ಇಳಿದು ಹೋಗುತ್ತೆ.

ಕಡಲಕಿನಾರೆ:
ಬೇಸಿಗೆಗೆ ಏನು ಮಾಡ್ತೀರಾ? ಚಿಲ್ಲರ್ (ನೀರು ತಣಿಸೋ ಯಂತ್ರ) ರೇಟ್ ನೋಡಿ ತಲೆ ತಿರುಗ್ತಿದೆ.

ಹವಳದಿಬ್ಬ:
ಹಳೇ ಕಂಪ್ಯೂಟರಿನ 120 ಮಿಮೀ ಫ್ಯಾನ್, 12 ವೋಲ್ಟ್ ಅಡಾಪ್ಟರ್, ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ. 1 ಲೀಟರ್ ಆವಿಯಾದ್ರೆ 100 ಲೀಟರಿನಿಂದ ಸುಮಾರು 6 ಡಿಗ್ರಿಯಷ್ಟು ಶಾಖ ಒಯ್ಯುತ್ತೆ. ರೂಮಿನ ಬಿಸಿ ವಾಪಸ್ ಬರ್ತಾ ಇರೋದ್ರಿಂದ ಕೈಗೆ ಸಿಗೋದು 2–3 ಡಿಗ್ರಿ. ಬೆಂಗಳೂರಿಗೆ ಅಷ್ಟು ಸಾಕು.

ಮಲ್ಪೆ_ಗಾಳಿ:
ಬೆಂಗಳೂರಿಗೆ ಸಾಕು, ಕರಾವಳಿಗೆ ಸಾಲುವುದಿಲ್ಲ. ಏಪ್ರಿಲ್–ಮೇಯಲ್ಲಿ ಇಲ್ಲಿನ ಗಾಳಿಯೇ ಒದ್ದೆ, ಆವಿ ಆಗುವುದು ಎಲ್ಲಿಗೆ? ಇಲ್ಲಿ ಎಸಿ ರೂಮು ಅಥವಾ ಚಿಲ್ಲರ್, ಬೇರೆ ದಾರಿ ಇಲ್ಲ. ತುರ್ತಿಗೆ ಮಾತ್ರ ಫ್ರೀಝರಿನಲ್ಲಿ ಗಟ್ಟಿ ಮಾಡಿದ 1 ಲೀಟರ್ ಬಾಟಲಿ ತೇಲಿಬಿಡಿ. ಒಂದು ಬಾಟಲಿ ಪೂರ್ತಿ ಕರಗಿದರೆ 100 ಲೀಟರಿನಲ್ಲಿ 1 ಡಿಗ್ರಿ ಇಳೀತದೆ. ಹೊರಗೆ ಲೇಬಲ್ಲಿನ ಅಂಟು ತೊಳೆದಿರಿ.

ಪೈಪ್‌ಲೈನ್_ಪಿಪಿ:
ಕರೆಂಟ್ ಹೋದಾಗ ಬಿಸಿಗಿಂತ ಮೊದಲು ಆಮ್ಲಜನಕದ ಚಿಂತೆ. ವೈಫೈ ರೂಟರ್‌ಗೆ ಹಾಕೋ 12 ವೋಲ್ಟಿನ ಮಿನಿ ಯುಪಿಎಸ್, 12 ವೋಲ್ಟಿನ ಡಿಸಿ ವೇವ್‌ಮೇಕರ್‌ಗೆ (ನೀರಲ್ಲಿ ಅಲೆ ಎಬ್ಬಿಸೋ ಪಂಪ್) ಸರಿಹೋಗುತ್ತೆ. 28 ವ್ಯಾಟ್-ಅವರ್ ಬ್ಯಾಟರಿ, 6 ವ್ಯಾಟ್ ಪಂಪ್ ಆದ್ರೆ 4 ಗಂಟೆ. ಪಂಪಿನ ಅಡಾಪ್ಟರ್ ಮೇಲೆ 24 ವೋಲ್ಟ್ ಅಂತಿದ್ರೆ ಇದು ನಡೆಯಲ್ಲ, ಓದಿ ನೋಡಿ. ಮನೆಯ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಎಸಿ ಪಂಪ್ ಗುಂಯ್ ಅಂತ ಬಿಸಿಯಾಗುತ್ತೆ, ತುಂಬಾ ಹೊತ್ತು ಓಡಿಸಬೇಡಿ. ವೈರ್‌ಗಳೆಲ್ಲ ಸಾಕೆಟ್ಟಿಗಿಂತ ಕೆಳಗೆ ಜೋತು ಬಂದು ಮೇಲೆ ಹೋಗಬೇಕು, ಹನಿ ಸಾಕೆಟ್ಟಿಗೆ ಇಳಿಯಬಾರದು. ಜೊತೆಗೆ 30 ಮಿಲಿಆ್ಯಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಇರಲೇಬೇಕು.

ಝೋವಾ_ಪ್ರಿಯೆ:
ಪಂಪಿಗೆ ಕಟ್ಟಿದ ಬಿಳಿ ಗಟ್ಟಿ ಪದರಕ್ಕೆ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್). 1 ಲೀಟರ್ ಬೆಚ್ಚಗಿನ ನೀರಿಗೆ 40–50 ಗ್ರಾಂ, ಬಕೆಟ್ಟಿನಲ್ಲಿ ಪಂಪನ್ನ ಒಂದು ಗಂಟೆ ಓಡಿಸಿ. ಆಮೇಲೆ ಇಂಪೆಲ್ಲರ್ (ಒಳಗೆ ತಿರುಗೋ ರೆಕ್ಕೆ) ಬಿಚ್ಚಿ ಹಳೇ ಬ್ರಶ್ಶಲ್ಲಿ ಉಜ್ಜಿ. ವಿನೆಗರ್ ಕೂಡ ಆಗುತ್ತೆ, ಆದ್ರೆ ಮನೆಯೆಲ್ಲ ವಾಸನೆ. ಈ ಬಕೆಟ್ಟು ಬಟ್ಟೆ ಸೋಪಿಗೆ ಬಳಸಿದ್ದಾಗಿರಬಾರದು.

ನ್ಯಾನೋ100:
ಕೊನೇ ಪ್ರಶ್ನೆ. ಆರ್‌ಒ ಮಷೀನಿನ ಒಳಗಿರೋ ಪ್ಲಾಸ್ಟಿಕ್ ಫ್ಲೋಟ್ ವಾಲ್ವ್ ಸ್ಪೇರ್ ಆಗಿ ಸಿಗುತ್ತಲ್ಲ, ಅದನ್ನ ಟ್ಯಾಂಕಿಗೆ ಕೂರಿಸಿ, ಮೇಲೆ 20 ಲೀಟರ್ ನೀರಿನ ಕ್ಯಾನ್ ಇಟ್ಟು ಆವಿಯಾದ ನೀರು ತಾನೇ ತುಂಬೋ ಹಾಗೆ ಮಾಡಬಹುದಾ? ಅದೇ ಕ್ಯಾನಿಗೆ ಸುಣ್ಣದ ತಿಳಿನೂ ಹಾಕಿದ್ರೆ?

ಪೈಪ್‌ಲೈನ್_ಪಿಪಿ:
ವಾಲ್ವ್ ಹೌದು, 20 ಲೀಟರ್ ಕ್ಯಾನ್ ಬೇಡ, ಸುಣ್ಣ ಬೇಡವೇ ಬೇಡ. ಸುಣ್ಣದ ನೀರು ವಾಲ್ವಿನ ಸೀಟಿನಲ್ಲಿ ಪದರ ಕಟ್ಟಿದ್ರೆ ಅದು ಪೂರ್ತಿ ಮುಚ್ಚಲ್ಲ. ಬಸವನಹುಳು ಫ್ಲೋಟ್ ಮೇಲೆ ಕೂತರೂ ಅಷ್ಟೇ. ಹಾಗೆ ತೆರೆದೇ ಉಳಿದ್ರೆ 100 ಲೀಟರಿಗೆ 20 ಲೀಟರ್ ಸಿಹಿನೀರು ಇಳಿದು 35 ಪಿಪಿಟಿ ಇದ್ದದ್ದು 29 ಆಗುತ್ತೆ, ಮೇಲಿಂದ ನೆಲದ ಮೇಲೂ ಹರಿಯುತ್ತೆ. 5 ಲೀಟರ್ ಕ್ಯಾನ್ ಇಟ್ರೆ ಎಲ್ಲಾ ಸುರಿದ್ರೂ 33.3, ಯಾವ ಹವಳವೂ ಸಾಯಲ್ಲ. ನಿಮ್ಮ ಟ್ಯಾಂಕಿಗೆ ಅದು 3–4 ದಿನ ಬರುತ್ತೆ. ಕ್ಯಾನ್ ಅರ್ಧ ಮೀಟರ್ ಎತ್ತರದಲ್ಲಿರಲಿ, ಫ್ಲೋಟ್ ಸುತ್ತ ಪಿವಿಸಿ ಪೈಪಿನ ತುಂಡು ನಿಲ್ಲಿಸಿ ಬಸವನಹುಳು ಹತ್ತದ ಹಾಗೆ ಮಾಡಿ. ಸುಣ್ಣಕ್ಕೆ ಬೇರೆ 1 ಲೀಟರ್ ಬಾಟಲಿ, ಧಾರವಾಡದವರು ಹೇಳಿದ ಡ್ರಿಪ್ ಸೆಟ್. ಎರಡನ್ನೂ ಒಂದೇ ಲೈನಿಗೆ ಸೇರಿಸಬೇಡಿ.

ನ್ಯಾನೋ100:
ಸರಿ, 5 ಲೀಟರ್ ಕ್ಯಾನ್. ಕೂರಿಸಿ ಫೋಟೋ ಹಾಕ್ತೀನಿ.